ಖಾಲಿ ಗೋಡೆಯ ಮುಂದೆ

ಪ್ರಿಯ ಸದಸ್ಯರೇ,

ಈ ಸಂಚಿಕೆಯಲ್ಲಿ ನಮ್ಮ ವಾರ್ಷಿಕ ಸಭೆಯ ವಿಷಯ ಬರೆಯುತ್ತೇನೆಂದು ಕಾರ್ಯಕಾರಿ ಸಮಿತಿಗೆ ಮಾತು ಕೊಟ್ಟಿದ್ದೆ. ಬರೆಯುವುದು ಅದನ್ನೇ. ಆದರೆ ಅದಕ್ಕೆ ಮೊದಲು ಶಿರಸಿಗೆ ಹೋಗಿ ಬರಬೇಕು.

ಕಳೆದ ಚಳಿಗಾಲ, ಅಡಿಕೆ ಕೊಯ್ಲು ಮುಗಿಯುವ ಹೊತ್ತಿಗೆ ಊರಲ್ಲಿದ್ದೆ. ಶಿರಸಿಯಿಂದ ಒಂದು ತಾಸಿನ ಹಾದಿ ನಮ್ಮ ಹಳ್ಳಿ. ತೋಟಕ್ಕೆ ಎಲೆಚುಕ್ಕಿ ರೋಗ, ಮಂಗನ ಕಾಟ, ಮಕ್ಕಳೆಲ್ಲ ಬೆಂಗಳೂರು ಸೇರಿ ಖಾಲಿಯಾದ ಮನೆಗಳು. ಒಂದು ದಿನ ಎಲ್ಲರೂ ಕೂತು ಮಾತಾಡೋಣವೆಂದು ಊರವರು ಯೋಚಿಸಿದ್ದರು. ಇಲ್ಲಿ ಕೆಲಸದಲ್ಲಿ ನಾನು ಗುಂಪು ಸಭೆಗಳನ್ನು ನಡೆಸುತ್ತೇನೆಂದು ಬಲ್ಲ ದೊಡ್ಡಪ್ಪ, "ನೀನೇ ನಡೆಸಿಕೊಡು ತಂಗಿ" ಎಂದರು.

ನಾನು ಕಲಿತದ್ದು ಓಪನ್ ಸ್ಪೇಸ್ ಎಂಬ ಕ್ರಮ. ಅಮೆರಿಕದ ಹ್ಯಾರಿಸನ್ ಓವನ್ 1985ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಅದನ್ನು ಮೊದಲ ಸಲ ನಡೆಸಿದರು. ಅದಕ್ಕೂ ಹಿಂದೆ ಅವರು ಬಹಳ ಶ್ರಮಪಟ್ಟು ದೊಡ್ಡ ಸಮ್ಮೇಳನವೊಂದನ್ನು ಏರ್ಪಡಿಸಿದ್ದರು. ಬಂದವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಕಾಫಿ ವಿರಾಮ! ಹಾಗಾದರೆ ಸಭೆಯನ್ನೇ ಆ ವಿರಾಮದ ಹಾಗೆ ಮಾಡಬಾರದೇಕೆ ಎಂದು ಯೋಚಿಸಿದರು. ಕುರ್ಚಿಗಳನ್ನು ದುಂಡಗೆ ಇಡುವುದು, ಒಂದು ಗೋಡೆಯನ್ನು ಖಾಲಿ ಬಿಡುವುದು. ವಿಷಯ ಇದ್ದವರು ಕಾಗದದ ಮೇಲೆ ಬರೆದು, ಎಲ್ಲರೆದುರು ಹೇಳಿ, ಗೋಡೆಗೆ ಅಂಟಿಸುವುದು. ಬೇಕಾದವರು ಆ ಗುಂಪಿಗೆ ಸೇರುವುದು. ಕೂತಲ್ಲಿ ತಾನು ಕಲಿಯುವುದೂ ಇಲ್ಲ, ಕೊಡುವುದೂ ಇಲ್ಲ ಅನಿಸಿದರೆ ಎದ್ದು ಬೇರೆ ಗುಂಪಿಗೆ ಹೋಗಬಹುದು. ಇದಕ್ಕೆ ಎರಡು ಕಾಲಿನ ನಿಯಮ ಎಂದೇ ಹೆಸರು. ಬಂದವರೇ ಸರಿಯಾದ ಜನ, ಶುರುವಾದಾಗಲೇ ಸರಿಯಾದ ಹೊತ್ತು, ಮುಗಿದಾಗ ಮುಗಿಯಿತು ಎಂಬ ತತ್ವಗಳೂ ಇವೆ.

ಇವನ್ನು ಮೊದಲು ಕೇಳಿದಾಗ ನನಗೆ ನೆನಪಾದದ್ದು ಅಜ್ಜನ ಮನೆಯ ಜಗಲಿ. ರಾತ್ರಿ ಅಡಿಕೆ ಸುಲಿಯಲು ನೆರೆಮನೆಯವರು ಮೆಟ್ಟುಗತ್ತಿ ಹಿಡಿದು ಬಂದು ಕೂತರೆ ಮಾತು ತಾನಾಗಿಯೇ ಕವಲೊಡೆಯುತ್ತಿತ್ತು. ಈ ಮೂಲೆಯಲ್ಲಿ ಧಾರಣೆ, ಆ ಮೂಲೆಯಲ್ಲಿ ಮದುವೆ ಮಾತು. ಇನ್ನೂ ಹೆಚ್ಚು ನೆನಪಾದದ್ದು ತಾಳಮದ್ದಳೆ, ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಮಾತೂ ಇಲ್ಲ. ಭಾಗವತರು ಪದ್ಯ ಹಾಡಿ ಬಿಡುತ್ತಾರೆ, ಅರ್ಥಧಾರಿಗಳು ಅಲ್ಲೇ ಹುಟ್ಟಿಸಿಕೊಂಡು ಮಾತಾಡುತ್ತಾರೆ. ಕೃಷ್ಣನೂ ಕೌರವನೂ ವಾದಕ್ಕಿಳಿದಾಗ ಭಾಗವತರ ಕೈಯಲ್ಲಿ ತಾಳ ಸುಮ್ಮನಿರುತ್ತದೆ. ಮಾತು ಏರುತ್ತಿದ್ದರೆ ಅವರು ಕಾಯುತ್ತಾರೆ. ಒಂದೇ ಸುತ್ತಿನಲ್ಲಿ ತಿರುಗತೊಡಗಿತೋ, ಮುಂದಿನ ಪದ್ಯ ಎತ್ತುತ್ತಾರೆ. ಆ ಗಳಿಗೆ ಯಾವುದೆಂದು ಪ್ರಸಂಗದ ಪುಸ್ತಕದಲ್ಲಿ ಬರೆದಿರುವುದಿಲ್ಲ. ಭಾಗವತರಿಗೆ ಪ್ರಸಂಗ ಬಾಯಿಪಾಠ, ಎದುರು ಕೂತವರ ಮೇಲೆ ನಂಬಿಕೆ. ಆದ್ದರಿಂದಲೇ ಅವರು ಅಷ್ಟು ಹೊತ್ತು ಸುಮ್ಮನಿರಬಲ್ಲರು.

ಇಷ್ಟೆಲ್ಲ ಗೊತ್ತಿದ್ದ ನಾನು ದೇವಸ್ಥಾನದ ಸಭಾಭವನದಲ್ಲಿ ಐದೇ ನಿಮಿಷಕ್ಕೆ ಸೋತೆ.

ಕಾಗದ, ಪೆನ್ನು ನೆಲದ ಮೇಲೆ ಇಟ್ಟು, ವಿಷಯ ಇದ್ದವರು ಬನ್ನಿ ಎಂದೆ. ಯಾರೂ ಏಳಲಿಲ್ಲ. ಗೋಡೆ ಖಾಲಿ. ಎದೆ ಹೊಡೆದುಕೊಳ್ಳತೊಡಗಿತು. ದೊಡ್ಡಪ್ಪ ಮೆಲ್ಲಗೆ, "ತಂಗಿ, ತಡಿ. ಜನ ಮಾತಾಡಲೆ ಹೇಳೇ ಬೈಂದ" (ಜನ ಮಾತಾಡಲೆಂದೇ ಬಂದಿದ್ದಾರೆ) ಎಂದರು. ಅಷ್ಟರಲ್ಲಿ ಹಿಂದೆ ನಿಂತಿದ್ದ ವಯಸ್ಸಾದ ಕೊನೆಗೌಡರೊಬ್ಬರು, ಅಂದರೆ ಮರ ಏರಿ ಅಡಿಕೆ ಕೊನೆ ಕೊಯ್ಯುವವರು, ಮುಂದೆ ಬಂದರು. ಮಾತು ತಡವರಿಸಿತು. ನಾನು ತಡೆಯದೆ, "ಕೆಲಸಕ್ಕೆ ಆಳು ಸಿಗದಿರುವ ವಿಷಯ ಅಲ್ಲವೇ?" ಎಂದು ನಾನೇ ಬರೆದು ಅಂಟಿಸಿಬಿಟ್ಟೆ. ಅವರು ತಲೆಯಾಡಿಸಿ ಹಿಂದೆ ಸರಿದರು.

ಕಷಾಯ ಕುಡಿಯುವಾಗ ಗೊತ್ತಾಯಿತು, ಅವರು ಹೇಳಬೇಕೆಂದಿದ್ದದ್ದು ಬೇರೆಯೇ. ಮದ್ದು ಹೊಡೆಯಲು, ಕೊನೆ ಕೊಯ್ಯಲು ಮರ ಏರುವವರು ಬಿದ್ದರೆ ಅವರ ಮನೆಯವರ ಗತಿಯೇನು? ಆಳು ಸಿಗುವುದಿಲ್ಲ ಎಂಬುದು ತೋಟದವರ ದೂರು. ಅವರದು ಮರದ ಮೇಲಿನ ಮಾತು. ನಾನು ಅದನ್ನು ಕೆಳಗಿನವರ ಭಾಷೆಗೆ ಬದಲಾಯಿಸಿದ್ದೆ. ಅವರ ಬಳಿ ತಪ್ಪಾಯಿತೆಂದು ಹೇಳಿ, ನಾನು ಬರೆದ ಕಾಗದ ತೆಗೆದು, ಅವರು ಹೇಳಿದ ಮಾತನ್ನೇ ಬರೆದೆ. ಆ ಗುಂಪಿಗೆ ನಾಲ್ಕೇ ಜನ ಬಂದರು, ಊಟದ ಹೊತ್ತು ಮೀರಿದರೂ ಏಳಲಿಲ್ಲ.

ಅಂದಿನಿಂದ ಇದನ್ನೇ ಯೋಚಿಸುತ್ತಿದ್ದೇನೆ. ಒಳಮನಸ್ಸು ಹೇಳಿತು ಎಂದು ನಾವು ಸುಲಭವಾಗಿ ಅನ್ನುತ್ತೇವೆ. ಆ ಐದು ನಿಮಿಷದಲ್ಲಿ ನನ್ನೊಳಗೆ ಮಾತಾಡಿದ್ದು ಗಾಬರಿ. ಮೌನ ನನಗೆ ಭಾರವಾಗಿತ್ತು, ಕೂತವರಿಗೆ ಆಗಿರಲಿಲ್ಲ. ಏನಾದರೂ ಮಾಡು, ಈಗಲೇ ಮಾಡು ಎಂದು ಗಾಬರಿ ದೂಡುತ್ತದೆ. ಅದಕ್ಕೆ ಎದುರಿನ ಮುಖಗಳು ಕಾಣುವುದಿಲ್ಲ.

ಅದೇ ದಿನ ಇನ್ನೊಂದು ಸಲ ಮಾತ್ರ ಸರಿಯಾದ ದನಿ ಕೇಳಿಸಿತು. ಮಧ್ಯಾಹ್ನ ಸುತ್ತ ನೋಡಿದರೆ ಕುರ್ಚಿಗಳಲ್ಲಿ ಹೆಚ್ಚೂಕಡಿಮೆ ಗಂಡಸರೇ. ಹೆಂಗಸರು ಹಿಂದಿನ ಅಡುಗೆಮನೆಯಲ್ಲಿದ್ದರು. ಬಂದವರೇ ಸರಿಯಾದ ಜನ ಎನ್ನುವುದಾದರೆ ಅವರೂ ಬಂದವರೇ ತಾನೆ? ಯಾರನ್ನೂ ಕರೆಯಲು ಹೋಗಲಿಲ್ಲ. ನಾಲ್ಕು ಕಾಗದ, ಒಂದು ಪೆನ್ನು ಒಯ್ದು ಅಡುಗೆಮನೆಯ ಬಾಗಿಲ ಬಳಿ ಇಟ್ಟು ಬಂದೆ. ಅರ್ಧ ತಾಸಿಗೆ ಒಂದು ಕಾಗದ ಗೋಡೆಗೆ ಬಂತು: "ಒಬ್ಬರೇ ಇರುವ ಮನೆಗಳಿಗೆ ದಿನಕ್ಕೊಮ್ಮೆ ಹೋಗಿಬರುವವರು ಯಾರು?" ಖಾಲಿ ಮನೆಗಳ ಬಗ್ಗೆ ಬೆಳಗಿನಿಂದ ನಡೆದಿದ್ದ ಮಾತಿಗೆ ಅದು ಮೊದಲ ಸಲ ಕೈಕಾಲು ಕೊಟ್ಟಿತು. ಪಾಳಿಯ ಪಟ್ಟಿ ಅಂದೇ ಬರೆದರು.

1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಕಾಡಿಗೆ ಹೋಗಿ, ಕಡಿಯುವುದನ್ನು ತಡೆಯಲು ಮರಗಳನ್ನು ಅಪ್ಪಿಕೊಂಡು ನಿಂತ ಸೀಮೆ ನಮ್ಮದು. ಅಂಥ ಜನ ತಾವಾಗಿ ಎದ್ದು ಬರುತ್ತಾರೆಂಬ ನಂಬಿಕೆ ಕಡಿಮೆಯಾದದ್ದು ನನಗೆ ಮಾತ್ರ, ಅದೂ ಬೆಳಗಿನ ಐದು ನಿಮಿಷ.

ಇನ್ನು ನಮ್ಮ ವಾರ್ಷಿಕ ಸಭೆ. ವರದಿ, ಲೆಕ್ಕಪತ್ರ ಬೆಳಿಗ್ಗೆಯೇ ಮುಗಿಯುತ್ತವೆ. ಊಟದ ನಂತರದ ಎರಡು ತಾಸಿಗೆ ಈ ವರ್ಷ ಕಾರ್ಯಸೂಚಿ ಇಟ್ಟಿಲ್ಲ. ಕುರ್ಚಿಗಳು ದುಂಡಗಿರುತ್ತವೆ, ವೇದಿಕೆ ಇರುವುದಿಲ್ಲ. ಕನ್ನಡ ಶಾಲೆಗೆ ಮಕ್ಕಳು ಯಾಕೆ ಬರುತ್ತಿಲ್ಲ ಎಂಬುದರಿಂದ ಹಿಡಿದು ನಿಮ್ಮ ಮನಸ್ಸಿನಲ್ಲಿ ಏನಿದೆಯೋ ಅದನ್ನು ನಿಮ್ಮ ಮಾತಿನಲ್ಲೇ ಬರೆಯಿರಿ. ಮೊದಲು ಸ್ವಲ್ಪ ಹೊತ್ತು ಯಾರೂ ಏಳದಿದ್ದರೆ ನಾನೂ ಸುಮ್ಮನೆ ಕೂತಿರುತ್ತೇನೆ. ಕಾಗದ, ಪೆನ್ನು ಅಡುಗೆಕೋಣೆಯ ಬಾಗಿಲಲ್ಲೂ ಇರುತ್ತವೆ, ಮಕ್ಕಳು ಆಡುವ ಕೋಣೆಯಲ್ಲೂ ಇರುತ್ತವೆ.

— ಸಂಪಾದಕಿ