11 ವಯಲ್‌ಗಳ ಋಣ

ನಿನ್ನೆ ಸಂಜೆ ನಮ್ಮ ವಿಕಿರಣಶೀಲ ಔಷಧದ ಆರನೇ ತಿಂಗಳ ಶುದ್ಧತೆ ಪರೀಕ್ಷೆಯ ಗ್ರಾಫ್ ಬಂತು. ಎತ್ತರಕ್ಕೆ ಒಂದೇ ಶಿಖರ, ಆಚೀಚೆ ಪುಡಿ ಶಿಖರಗಳ ಗಲಾಟೆಯಿಲ್ಲ. ಶುದ್ಧತೆ ಶೇ. 97. ನೆರವಾದವರಿಗೆಲ್ಲ ಕೃತಜ್ಞತೆ ರಾತ್ರಿಯೇ ಬರೆಯೋಣವೆಂದು ಕೂತೆ, ಎಷ್ಟೋ ದಿನಗಳ ನಿದ್ದೆ ಒಟ್ಟಿಗೇ ಬಂದುಬಿಟ್ಟಿತು.

ಹೊಸ ಔಷಧವೊಂದು ಜೀವಕೋಶದ ಗ್ರಾಹಕಕ್ಕೆ (ಔಷಧ ಬಂದು ಕೂರುವ ಜಾಗ) ಎಷ್ಟು ಬಿಗಿಯಾಗಿ ಅಂಟುತ್ತದೆಂದು ಅಳೆಯಲು ಅದರಲ್ಲಿ ಹೈಡ್ರೋಜನ್ನಿನ ವಿಕಿರಣಶೀಲ ರೂಪವಾದ ಟ್ರಿಟಿಯಂ ಕೂರಿಸಬೇಕಿತ್ತು. ಸಾಮಾನ್ಯ ಹೈಡ್ರೋಜನ್ ಇಟ್ಟುಕೊಂಡು ಮೂರು ತಿಂಗಳು ತಾಲೀಮು ಮಾಡಿದೆವು. ಟ್ರಿಟಿಯಂ ಅನಿಲ ಹಾಯಿಸಿದ್ದು ಒಂದೇ ದಿನ. ಶುದ್ಧತೆ 98 ಬಂತು. ತಣ್ಣಗಿದ್ದರೆ ಕೆಡುವುದಿಲ್ಲ ಅಂತ ನಾನು ಮಹಾ ಜಾಣನ ಹಾಗೆ ಆ ನೀರಿನ ದ್ರಾವಣವನ್ನು ಮೈನಸ್ 20ರ ಫ್ರೀಜರ್‌ಗೆ ತಳ್ಳಿದೆ. ಏಳು ವಾರ ಬಿಟ್ಟು ತೆಗೆದರೆ 81!

ನಮ್ಮ ಹಿರಿಯ ಮೇಡಂ ಬೈಯಲಿಲ್ಲ, ಸ್ಟೂಲ್ ಎಳೆದು ಕೂರಿಸಿದರು. ನೀರು ನಿಧಾನಕ್ಕೆ ಹೆಪ್ಪುಗಟ್ಟುವಾಗ ತನ್ನಲ್ಲಿ ಕರಗಿದ್ದ ಅಣುಗಳನ್ನು ಆಚೆ ದಬ್ಬುತ್ತದೆ, ಅವು ಒಂದೆಡೆ ಒತ್ತೊತ್ತಾಗಿ ಸೇರುತ್ತವೆ. ಟ್ರಿಟಿಯಂನಿಂದ ಚಿಮ್ಮುವ ಬೀಟಾ ಕಣ (ವೇಗದ ಎಲೆಕ್ಟ್ರಾನ್) ನೀರಿನಲ್ಲಿ ಹೆಚ್ಚೆಂದರೆ ಸುಮಾರು 6 ಮೈಕ್ರೋಮೀಟರ್ ಹೋದೀತು. ಪಕ್ಕದ ಅಣುವನ್ನು ಮುರಿಯಲು ಅಷ್ಟು ಧಾರಾಳ. "ಸಂತೆ ದಿನದ ಬಸ್ಸು ಕಣಯ್ಯಾ, ಒಬ್ಬ ಮೊಣಕೈ ಆಡಿಸಿದರೆ ನಾಲ್ಕು ಜನಕ್ಕೆ ಏಟು" ಅಂದರು.

ಉಳಿದದ್ದನ್ನು, ಬೆರೆತ ಅಣುಗಳನ್ನು ಬೇರ್ಪಡಿಸುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಮತ್ತೆ ಶುದ್ಧ ಮಾಡಿ, ಎಥನಾಲ್‌ನಲ್ಲಿ ತೆಳುವಾಗಿ ಕರಗಿಸಿದೆವು. ಎಥನಾಲ್ ಆ ಚಳಿಗೆ ಹೆಪ್ಪುಗಟ್ಟುವುದಿಲ್ಲ. ವಿಕಿರಣದಿಂದ ಹುಟ್ಟಿ ಬೇರೆ ಅಣುಗಳನ್ನು ಕೆಡಿಸುವ ರ‍್ಯಾಡಿಕಲ್‌ಗಳನ್ನೂ ತಾನೇ ನುಂಗಿಕೊಳ್ಳುತ್ತದೆ. ಒಂದನ್ನು ತೆರೆದರೆ ಉಳಿದವಕ್ಕೆ ಗಾಳಿ ತಾಗದಿರಲೆಂದು 11 ವಯಲ್‌ಗಳಿಗೆ (ಪುಟ್ಟ ಸೀಸೆಗಳಿಗೆ) ಹಂಚಿ, ಒಂದೊಂದಕ್ಕೂ ಯಾವುದರ ಜೊತೆಗೂ ಪ್ರತಿಕ್ರಿಯಿಸದ ಆರ್ಗಾನ್ ಅನಿಲ ತುಂಬಿದೆವು. ಅವತ್ತು ರಾತ್ರಿ ಒಂದೂವರೆಗೆ ಕೊನೆಯ ಮುಚ್ಚಳ ಬಿಗಿಯುವವರೆಗೂ ಮೇಡಂ ಅಲ್ಲೇ ಇದ್ದರು.

ನಮ್ಮ ವಿಕಿರಣ ಸುರಕ್ಷತಾ ಅಧಿಕಾರಿಗಳಿಗೂ ನಮಸ್ಕಾರ. ಅವರ ತಕರಾರುಗಳಿಗೆ ಹಿಂದಿನಿಂದ ಗೊಣಗಿದ್ದೇನೆ, ಕ್ಷಮೆಯಿರಲಿ. ಟ್ರಿಟಿಯಂ ಮುಂದೆ ವಿಕಿರಣ ಪತ್ತೆಹಚ್ಚುವ ಗೈಗರ್ ಕೌಂಟರ್ ಬಾಯಿ ಬಿಡುವುದಿಲ್ಲವಾದ್ದರಿಂದ, ದಿನಾ ಫಿಲ್ಟರ್ ಪೇಪರಿನಿಂದ ಮೇಜು, ಹಿಡಿಕೆ, ನೆಲ ಒರೆಸಿ, ಟ್ರಿಟಿಯಂ ಅನ್ನೂ ಗುರುತಿಸುವ ಸಿಂಟಿಲೇಷನ್ ಕೌಂಟರಿಗೆ ಹಾಕಿದ ಅಟೆಂಡರ್ ಅಣ್ಣನಿಗೆ ಏನು ಹೇಳಿದರೂ ಕಡಿಮೆಯೇ.

ಇನ್ನು ಅಮ್ಮ. ಮೂತ್ರ ಪರೀಕ್ಷೆಗೆ ಒಯ್ಯುವ ಬಾಟಲಿ ನನ್ನ ಬ್ಯಾಗಿನಲ್ಲಿ ಕಂಡು, "ಸಕ್ಕರೆ ಕಾಯಿಲೆ ಬಂತೇನೋ?" ಅಂತ ತಿಂಗಳುಗಟ್ಟಲೆ ನನ್ನ ಕಾಫಿಗೆ ಸಕ್ಕರೆಯನ್ನೇ ಹಾಕಲಿಲ್ಲ. ಟ್ರಿಟಿಯಂ ಮೈಗೆ ಸೇರಿದೆಯೋ ಇಲ್ಲವೋ ತಿಳಿಯಲು ಆ ಪರೀಕ್ಷೆ ಅಂತ ಹೇಳಿದ್ದರೆ ಕೆಲಸವನ್ನೇ ಬಿಡಿಸುತ್ತಿದ್ದಳು, ಅದಕ್ಕೇ ಸಪ್ಪೆ ಕಾಫಿ ಕುಡಿದೆ.

ಸೋಮವಾರದಿಂದ ಇಂಗಾಲದ ವಿಕಿರಣಶೀಲ ರೂಪವಾದ ಕಾರ್ಬನ್-14ರ ಕೆಲಸ ಶುರು. ಮೇಡಂ, ಈ ಸಲ ಫ್ರೀಜರ್ ಬಾಗಿಲು ತೆಗೆಯುವ ಮೊದಲು ನಿಮ್ಮನ್ನು ಕೇಳುತ್ತೇನೆ.