ಶಿಕಾಗೋದ ಮಾಣಿ ಸಾಸ್ ತರೋದಿಲ್ಲ

ಪ್ರೀತಿಯ ತಮ್ಮಾ,

ನಿನ್ನ ಕಥೆ ತಲುಪಿತು. ಒಂದೇ ಉಸಿರಿಗೆ ಓದಿದೆ. ವಿಮಾನದಲ್ಲಿ ಉಪ್ಪಿನಕಾಯಿ ಡಬ್ಬಿ ಸೋರುವ ಜಾಗದಲ್ಲಿ ಎಷ್ಟು ಜೋರಾಗಿ ನಕ್ಕೆನೆಂದರೆ, ಅಡುಗೆಮನೆಯಿಂದ ನನ್ನವಳು ಸೌಟು ಹಿಡಿದುಕೊಂಡೇ ಬಂದು ನೋಡಿದಳು. ನಿನಗೆ ನಗಿಸೋದು ಬರುತ್ತದೆ. ಅದನ್ನು ಕಲಿಸೋಕೆ ಆಗೋದಿಲ್ಲ, ನಿನಗೆ ಹುಟ್ಟಿನಿಂದಲೇ ಬಂದಿದೆ. ಆದರೆ ಹನ್ನೊಂದನೇ ಪುಟಕ್ಕೆ ಬಂದು ನಿಂತುಬಿಟ್ಟೆ.

ಅಲ್ಲಿ ನಿನ್ನ ಪತ್ರಕರ್ತ ಶಿಕಾಗೋದ ಒಂದು ಹೋಟೆಲಿನಲ್ಲಿ ಕೂತಿದ್ದಾನೆ. ಸುದ್ದಿ ಕೊಡಬೇಕಾದ ಮನುಷ್ಯ ಇನ್ನೂ ಬಂದಿಲ್ಲ. 'ನನ್ನ ಸೋರ್ಸ್ ಎಲ್ಲಿ?' ಎಂದು ಗೊಣಗುತ್ತಾನೆ. ಮಾಣಿ ಓಡಿಹೋಗಿ ಟೊಮೆಟೊ ಸಾಸ್ ಬಾಟಲಿ ತಂದು ಮುಂದಿಡುತ್ತಾನೆ. ಹೋಟೆಲಿನವರೆಲ್ಲ ನಗುತ್ತಾರೆ.

ತಮ್ಮಾ, ಆ ಮಾಣಿ ಸಾಸ್ ತರೋದಿಲ್ಲ. ಅವನ ಕಿವಿಗೆ ಸೋರ್ಸ್ ಬೇರೆ, ಸಾಸ್ ಬೇರೆ. ಸೋರ್ಸ್ ಅನ್ನುವಾಗ ಅಮೆರಿಕದವನು ರಕಾರವನ್ನು ನಾಲಿಗೆ ಮಡಚಿ ಚೆನ್ನಾಗಿಯೇ ನುಡಿಯುತ್ತಾನೆ. ಇನ್ನೊಂದು ಎಡವಟ್ಟೂ ಇದೆ. ಅಲ್ಲಿ ಮೇಜಿನ ಮೇಲಿನ ಆ ಕೆಂಪು ಬಾಟಲಿಗೆ ಯಾರೂ ಸಾಸ್ ಅನ್ನೋದಿಲ್ಲ, ಕೆಚಪ್ ಅನ್ನುತ್ತಾರೆ. ಈ ಜೋಕನ್ನು ನೀನು ಯಾವುದೋ ಇಂಗ್ಲೆಂಡಿನ ನಗೆಹನಿ ಪುಸ್ತಕದಿಂದ ಎತ್ತಿ ಶಿಕಾಗೋ ವಿಮಾನ ಹತ್ತಿಸಿದ್ದೀಯ ಅಂತ ನನ್ನ ಅನುಮಾನ. ಲಂಡನ್ನಿನಲ್ಲಾದರೆ ಅದು ಸಲೀಸಾಗಿ ಓಡುತ್ತಿತ್ತು. ಅಲ್ಲಿ ಸೋರ್ಸ್ ಕೂಡ 'ಸೋಸ್', ಸಾಸ್ ಕೂಡ 'ಸೋಸ್'. ಆ ಸ್ವರ ನಮ್ಮ ಓ ಅಲ್ಲ, ಆ ಕೂಡ ಅಲ್ಲ, ಎರಡರ ನಡುವಿನದು. ಅದಕ್ಕೆ ನಮ್ಮಲ್ಲಿ ಅಕ್ಷರ ಇಲ್ಲ, ಸದ್ಯಕ್ಕೆ ಓ ಅಂತಲೇ ಬರೆಯುತ್ತೇನೆ, ಹೊಂದಿಸಿಕೋ.

ವಿಷಯ ಇಷ್ಟೇ. ಲಂಡನ್ ಕಡೆಯವರು ರಕಾರದ ಬೆನ್ನಿಗೆ ಸ್ವರ ಇದ್ದರೆ ಅದನ್ನು ನುಡಿಯುತ್ತಾರೆ, ಇಲ್ಲದಿದ್ದರೆ ನುಂಗುತ್ತಾರೆ. ಕಾರ್ ಅವರ ಬಾಯಲ್ಲಿ 'ಕಾ'. ಅಮೆರಿಕದ ಹೆಚ್ಚಿನವರು ನುಂಗೋದಿಲ್ಲ. ಈ ಒಂದು ರಕಾರ ಎಷ್ಟು ಜೋಕುಗಳನ್ನು ಅಟ್ಲಾಂಟಿಕ್ ಸಮುದ್ರದಲ್ಲಿ ಮುಳುಗಿಸಿದೆಯೋ ಲೆಕ್ಕ ಇಟ್ಟವರಿಲ್ಲ.

ನನ್ನ ಕಥೆಯನ್ನೇ ಕೇಳು. ಲೂಯಿಸ್ ಕ್ಯಾರೊಲ್ 1865ರಲ್ಲಿ ಪ್ರಕಟಿಸಿದ ಆಲಿಸ್ ಕಥೆಯಲ್ಲಿ ಒಂದು ಆಮೆ ಬರುತ್ತದೆ, ಅಳುಮುಂಜಿ ಆಮೆ. ಸಮುದ್ರದ ಶಾಲೆಯಲ್ಲಿ ತನ್ನ ಮೇಷ್ಟ್ರು ಒಂದು ಮುದಿ ಕಡಲಾಮೆ, ಆದರೂ ತಾವೆಲ್ಲ ಅವರನ್ನು ಟಾರ್ಟಾಯ್ಸ್, ಅಂದರೆ ನೆಲದ ಆಮೆ, ಅಂತ ಕರೆಯುತ್ತಿದ್ದೆವು ಅನ್ನುತ್ತದೆ. ಯಾಕೆ ಹಾಗೆ ಅಂತ ಆಲಿಸ್ ಕೇಳಿದರೆ, 'ಯಾಕಂದ್ರೆ ಅವರು ನಮಗೆ ಪಾಠ ಹೇಳಿಕೊಟ್ಟರು' ಅಂತ ಸಿಡುಕಿನಿಂದ ಉತ್ತರ ಕೊಡುತ್ತದೆ. ಆಲಿಸ್ ದಡ್ಡಿ ಅಂತ ಬೈಸಿಕೊಳ್ಳುತ್ತಾಳೆ. ಕಾಲೇಜಿನಲ್ಲಿ ಇದನ್ನು ಓದಿದಾಗ ನಾನೂ ಆಲಿಸ್ ಪಕ್ಷ. ಪಾಠ ಹೇಳಿಕೊಟ್ಟರೆ ಆಮೆ ಹೇಗಾಗುತ್ತಾರೆ? ಮುಂದೆ ನಾನೇ ಮೇಷ್ಟ್ರಾಗಿ ಹುಡುಗರಿಗೆ ಇದೇ ಪಾಠ ಮಾಡಿದೆ, 'ಇದು ನಾನ್‌ಸೆನ್ಸ್ ಸಾಹಿತ್ಯ, ಅರ್ಥ ಹುಡುಕಬಾರದು' ಅಂತ ಗಂಭೀರವಾಗಿ ಹೇಳಿದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಎಷ್ಟೋ ವರ್ಷಗಳ ಮೇಲೆ, ಒಂದು ರಾತ್ರಿ ರೇಡಿಯೋದಲ್ಲಿ ಯಾರೋ ಇಂಗ್ಲಿಷಿನವರು ಆ ಭಾಗವನ್ನು ಓದಿದರು. ಆಗ ಕಿವಿಗೆ ಬಿತ್ತು. ಅವರ ಬಾಯಲ್ಲಿ ಟಾರ್ಟಾಯ್ಸ್ ಅನ್ನೋದು 'ಟೋಟಸ್'. 'ನಮಗೆ ಕಲಿಸಿದರು' ಅನ್ನುವ 'ಟಾಟ್ ಅಸ್' ಕೂಡ 'ಟೋಟಸ್'. ಒಬ್ಬನೇ ಕೂತು ನಕ್ಕೆ. ಇಪ್ಪತ್ತು ವರ್ಷ ಲೇಟಾಗಿ.

ಅಮೆರಿಕದ ಮಕ್ಕಳಿಗೂ ಆ ಜಾಗದಲ್ಲಿ ನಗು ಬರೋದು ಕಷ್ಟ. ಅವರಲ್ಲಿ ಒಂದರಲ್ಲಿ ರ ಇದೆ, ಇನ್ನೊಂದರಲ್ಲಿ ಇಲ್ಲ. ನಮ್ಮ ಪಾಡಂತೂ ಅದಕ್ಕಿಂತ ಜಾಸ್ತಿ ಕೆಟ್ಟದು. ನಾವು ಇಂಗ್ಲಿಷನ್ನು ಕಿವಿಯಿಂದ ಕಲಿತವರಲ್ಲ, ಪುಸ್ತಕದಿಂದ ಕಲಿತವರು. ಕಂಡ ಅಕ್ಷರಗಳನ್ನೆಲ್ಲ ನುಡಿಯುತ್ತೇವೆ. ಸುಮ್ನೆ ಕೂತಿದ್ದ ಅಕ್ಷರವನ್ನೂ ಎಬ್ಬಿಸಿ ಮಾತಾಡಿಸುತ್ತೇವೆ.

ಪೂ ಕರಡಿಯ ಕಥೆಯ ಕತ್ತೆಯೂ ಹೀಗೇ. ಮಿಲ್ನ್ 1926ರಲ್ಲಿ ಆ ಪುಸ್ತಕ ತಂದಾಗ ಕತ್ತೆಗೆ ಈಯೋರ್ ಅಂತ ಹೆಸರಿಟ್ಟರು. ಕೊನೆಯ ರ ನುಂಗಿ ಹೇಳು: 'ಈ-ಯೋ'. ಇಂಗ್ಲಿಷಿನಲ್ಲಿ ಕತ್ತೆ ಕೂಗೋದು 'ಹೀ-ಹಾ' ಅಂತ, ಲಂಡನ್ನಿನ ಬಾಯಲ್ಲಿ 'ಹೀ-ಹೋ'. ಹೆಸರೇ ಕೂಗು! ರಕಾರ ಒತ್ತಿ ಹೇಳುವವರಿಗೆ ಅದು ಬರೀ ಹೆಸರು. ಹಾಗೆಯೇ ಇಂಗ್ಲೆಂಡಿನ ಕಾದಂಬರಿಗಳಲ್ಲಿ ಮಾತಿನ ಮಧ್ಯೆ 'ಎರ್' ಅಂತ ಬರುತ್ತದಲ್ಲ, ಅದರಲ್ಲೂ ರ ಇಲ್ಲ. ಅದು ನಮ್ಮ 'ಅಅ...' ಅಷ್ಟೇ. ನಾನು ಬಹಳ ದಿನ ಇಂಗ್ಲಿಷರು ತಡವರಿಸುವಾಗ ನಾಯಿ ಹಾಗೆ ಗುರ್ ಅನ್ನುತ್ತಾರೆ ಅಂದುಕೊಂಡಿದ್ದೆ.

ಇನ್ನು ಹಕಾರ. ಇದರಲ್ಲಿ ನಾವು ನಿಪುಣರು. 1976ರಲ್ಲಿ ಬಿಬಿಸಿಯ 'ದಿ ಟೂ ರಾನೀಸ್' ಕಾರ್ಯಕ್ರಮದಲ್ಲಿ ಒಂದು ಪ್ರಹಸನ ಬಂತು. ಹಾರ್ಡ್‌ವೇರ್ ಅಂಗಡಿ. ಅಂಗಡಿಯವನು ರಾನಿ ಕಾರ್ಬೆಟ್, ಗಿರಾಕಿ ರಾನಿ ಬಾರ್ಕರ್. ಗಿರಾಕಿ ಏನೋ ಕೇಳುತ್ತಾನೆ, ಅಂಗಡಿಯವನು ನಾಲ್ಕು ಮೇಣದಬತ್ತಿ ತಂದಿಡುತ್ತಾನೆ. ಅವನು ಕೇಳಿದ್ದು ಫೋರ್ ಕ್ಯಾಂಡಲ್ಸ್ ಅಲ್ಲ, ಫೋರ್ಕ್ ಹ್ಯಾಂಡಲ್ಸ್. ಮಣ್ಣು ಕೆದಕುವ ಫೋರ್ಕಿಗೆ ಹಾಕುವ ಹಿಡಿ! ಅವನು ಹಕಾರ ನುಂಗುವ ಜನ. ಫೋರ್ಕ್ ಹ್ಯಾಂಡಲ್ಸಿನಿಂದ ಹ ತೆಗೆ, ಏನು ಉಳಿಯಿತು ನೋಡು. ಬ್ರಿಟನ್ನಿನಲ್ಲಿ ಇವತ್ತಿಗೂ ಈ ಎರಡು ಪದ ಹೇಳಿದರೆ ಸಾಕು, ಒಂದು ತಲೆಮಾರಿನವರು ನಗುತ್ತಾರೆ.

ಒಂದು ಸ್ವಾರಸ್ಯ ಗಮನಿಸು. ಇಲ್ಲಿ ರಕಾರ ತಂಟೆ ಮಾಡೋದಿಲ್ಲ. ಫೋರ್‌ನಲ್ಲೂ ರ ಇದೆ, ಫೋರ್ಕ್‌ನಲ್ಲೂ ರ ಇದೆ. ನುಡಿದರೂ ಸರಿ, ನುಂಗಿದರೂ ಸರಿ. ಅಮೆರಿಕದವನಿಗೆ ಅಡ್ಡ ಬರೋದು ಹ. ಅವನು ಹ್ಯಾಂಡಲನ್ನು ಹ್ಯಾಂಡಲ್ ಅಂತಲೇ ಹೇಳುವವನು. ಹಾಗಾಗಿ 'ಬ್ರಿಟಿಷ್ ಜೋಕು ಅಮೆರಿಕದಲ್ಲಿ ನಡೆಯೋದಿಲ್ಲ' ಅಂತ ಸಾರಾಸಗಟಾಗಿ ಹೇಳಬೇಡ. ಯಾವ ಅಕ್ಷರದ ಮೇಲೆ ಜೋಕು ನಿಂತಿದೆ ಅಂತ ನೋಡು.

ಈ ಜೋಕು ಮಂಡ್ಯ, ಮೈಸೂರು ಕಡೆಯ ನಮ್ಮ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಹಕ್ಕಿಯೂ ಅಕ್ಕಿ, ಅಕ್ಕಿಯೂ ಅಕ್ಕಿ. 'ಮರದ ಮೇಲೆ ಅಕ್ಕಿ ಕುಂತದೆ' ಅಂದರೆ ಯಾರೂ ಚೀಲ ಹಿಡಿದು ಓಡೋದಿಲ್ಲ. ಮೇಲೆ 'ಆದರದ ಸ್ವಾಗತ' ಹೋಗಿ 'ಹಾದರದ ಸ್ವಾಗತ' ಆದ ಹಳೇ ಜೋಕು ಕೇಳದ ಕನ್ನಡಿಗ ಇದ್ದಾನಾ? ಅದನ್ನು ಧಾರವಾಡದಲ್ಲಿ ಹೇಳಿದರೂ ನಗುತ್ತಾರೆ. ಆದರೆ ಆ ನಗು ಬೇರೆ. ಒಳಗಿನವರು ಪದಕ್ಕೆ ನಗುತ್ತಾರೆ, ಹೊರಗಿನವರು ಆಡಿದವನಿಗೆ ನಗುತ್ತಾರೆ. ಫೋರ್ಕ್ ಹ್ಯಾಂಡಲ್ಸ್ ನೋಡಿ ಅಮೆರಿಕದವನು ನಕ್ಕರೂ ಅದು 'ಈ ಇಂಗ್ಲಿಷರು ಹೇಗೆ ಮಾತಾಡ್ತಾರಪ್ಪಾ' ಅನ್ನುವ ನಗು. ನೀನು ಯಾವ ನಗು ಹುಡುಕುತ್ತಿದ್ದೀಯ ಅಂತ ಬರೆಯುವ ಮೊದಲು ಕೇಳಿಕೋ. ಎರಡನೆಯದು ಸುಲಭವಾಗಿ ಸಿಗುತ್ತದೆ, ಅದಕ್ಕೇ ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ.

ಅಮೆರಿಕದವರಿಗೆ ಜೋಕುಗಳೇ ಇಲ್ಲ ಅಂದುಕೊಳ್ಳಬೇಡ. ಅವರದು ಟಕಾರದ ವ್ಯಾಪಾರ. ಎರಡು ಸ್ವರಗಳ ನಡುವೆ ಟ ಸಿಕ್ಕಿಕೊಂಡರೆ ಅವರ ಬಾಯಲ್ಲಿ ಎಷ್ಟೋ ಸಲ ಅದು ಡ ಆಗಿಬಿಡುತ್ತದೆ. ಮೆಟಲ್ ಮತ್ತು ಮೆಡಲ್ ಒಂದೇ. ಲ್ಯಾಟರ್ ಮತ್ತು ಲ್ಯಾಡರ್ ಒಂದೇ. ಅಲ್ಲಿ ಯಾರಾದರೂ ನಿನ್ನನ್ನು 'ರೈಡರ್' ಅಂದರೆ ಬೈಕ್ ಎಲ್ಲಿ ಅಂತ ಹುಡುಕಬೇಡ, ರೈಟರ್ ಅಂತಲೇ ಅಂದಿರೋದು.

ನನಗೆ ಇದು ತಿಳಿದದ್ದು ಅವಮಾನದ ಮೂಲಕ. ಅಮೆರಿಕದ ಒಂದು ಊರಿನ ಕನ್ನಡ ಕೂಟದವರು ನಗೆಭಾಷಣಕ್ಕೆ ಕರೆದಿದ್ದರು. ನಾನು ರೇಡಿಯೋ ಇಂಗ್ಲಿಷಿನ ಹುಮ್ಮಸ್ಸಿನಲ್ಲಿದ್ದವನು. 'ಕಳ್ಳನಿಗೆ ಟೆನಿಸ್ ಕಂಡರೆ ಯಾಕೆ ಭಯ? ಕಾಲಿಟ್ಟ ಕೂಡಲೇ ಕೋಟ್!' ಅಂದೆ. ಆಟದ ಕೋರ್ಟೂ ಅದೇ, ಸಿಕ್ಕಿಬಿದ್ದ ಕಾಟೂ ಅದೇ, ಲಂಡನ್ನಿನ ಲೆಕ್ಕದಲ್ಲಿ. ದೊಡ್ಡವರು ಮರ್ಯಾದೆಗೆ ನಕ್ಕರು. ಮುಂದಿನ ಸಾಲಿನ ಹತ್ತು ವರ್ಷದ ಹುಡುಗ ಅಮ್ಮನ ಸೆರಗು ಜಗ್ಗಿ, 'ಕಳ್ಳ ಕೋಟ್ ಯಾಕೆ ಹಾಕ್ಕೊಂಡ?' ಅಂತ ಕೇಳಿದ. ಸಭೆಗೆ ಅದು ನನ್ನ ಜೋಕಿಗಿಂತ ಇಷ್ಟವಾಯಿತು. ಊಟದ ಹೊತ್ತಿಗೆ ಅದೇ ಹುಡುಗ ಬಂದು ತನ್ನದೊಂದು ಹೇಳಿದ. 'ತಾತಾ, ಈವ್‌ಳ ಗಂಡ ಯಾರ ಕಣ್ಣಿಗೂ ಕಾಣೋದಿಲ್ಲ, ಯಾಕೆ?' ನಾನು ತಲೆ ಕೆರೆದುಕೊಂಡೆ. 'ಯಾಕಂದ್ರೆ ಅವನು ಆ್ಯಡಮ್!' ಅಂದು ಬಿದ್ದು ಬಿದ್ದು ನಕ್ಕ. ಅಣುವಿಗೆ ನಾವು ಆ್ಯಟಮ್ ಅನ್ನುತ್ತೇವಲ್ಲ, ಅವನ ಬಾಯಲ್ಲಿ ಅದೂ ಆ್ಯಡಮ್. ನನಗೆ ಹೊಳೆಯೋಕೆ ಮೊಸರನ್ನದ ತನಕ ಬೇಕಾಯಿತು. ಅವನ ಲೆಕ್ಕ ಚುಕ್ತಾ.

ಅದೇ ಹುಡುಗನ ಬಾಯಲ್ಲಿ ಇನ್ನೊಂದನ್ನೂ ಕೇಳಿದೆ. ಅವನ ಅತ್ತೆ ಅವನಿಗೆ 'ಆ್ಯಂಟಿ', ನಮಗೆ 'ಆಂಟಿ'. ನಾವು ಇಂಗ್ಲೆಂಡಿನ ಸ್ವರ ಉಳಿಸಿಕೊಂಡಿದ್ದೇವೆ. ಅಮೆರಿಕದ ಬಹಳ ಜನರಿಗೆ ಅತ್ತೆಯೂ ಇರುವೆಯೂ ಒಂದೇ ಸದ್ದು, 'ಆ್ಯಂಟ್'. ಅಲ್ಲಿನ ಮಕ್ಕಳ ಪುಸ್ತಕಗಳಲ್ಲಿ ಇರುವೆ-ಅತ್ತೆ ಜೋಕು ಬೇಕಾದಷ್ಟು ಸಿಗುತ್ತವೆ. ಕೊನೆಯ ಅಕ್ಷರ ನಮಗೆ ಝೆಡ್, ಅವರಿಗೆ ಝೀ. ಅವರ ಅಕ್ಷರಮಾಲೆ ಹಾಡಿನ ಪ್ರಾಸ ನಿಲ್ಲೋದೇ ಝೀ ಮೇಲೆ. ಅಲ್ಲಿನ ಟೋಲ್ ಗೇಟಿನಲ್ಲಿ ಇ, ಝೀ ಅನ್ನುವ ಎರಡೇ ಅಕ್ಷರ ಬರೆದು 'ಈಝೀ', ಅಂದರೆ ಸುಲಭ, ಅಂತ ಓದಿಸುವ 'ಈಝೀ ಪಾಸ್' ಫಲಕವನ್ನು ನನ್ನ ಜೊತೆ ಬಂದಿದ್ದ ಹಿರಿಯರೊಬ್ಬರು 'ಈ ಝೆಡ್ ಪಾಸ್' ಅಂತ ಗಟ್ಟಿಯಾಗಿ ಓದಿ, 'ಇದೇನು, ಎ ಪಾಸು ಬಿ ಪಾಸು ಎಲ್ಲ ಮುಗಿದು ಈಗ ಝೆಡ್ಡಿಗೆ ಬಂದಿದಾರಾ?' ಅಂದರು. ಅವರು ಜೋಕು ಮಾಡಿರಲಿಲ್ಲ. ಬೇಕಾದರೆ ನಿನ್ನ ಕಥೆಗೆ ಇದನ್ನು ತಗೋ.

ಆದರೆ 'ಬ್ರಿಟಿಷ್', 'ಅಮೆರಿಕನ್' ಅನ್ನುವ ಹಣೆಪಟ್ಟಿಯನ್ನು ಪೂರ್ತಿ ನಂಬಬೇಡ. ಸ್ಕಾಟ್ಲೆಂಡಿನವರು ರಕಾರ ಬಿಡೋದಿಲ್ಲ. ಅತ್ತ ಬಾಸ್ಟನ್ನಿನ ಹಳಬರು ಲಂಡನ್ನಿನವರ ಹಾಗೆ ನುಂಗುತ್ತಾರೆ. ಗಿಲ್ಬರ್ಟ್ ಮತ್ತು ಸಲಿವನ್ ಅವರ ಕಡಲ್ಗಳ್ಳರ ಸಂಗೀತ ನಾಟಕ, 'ದಿ ಪೈರೇಟ್ಸ್ ಆಫ್ ಪೆನ್ಝಾನ್ಸ್', 1879ರ ಡಿಸೆಂಬರ್ 31ರಂದು ನ್ಯೂಯಾರ್ಕಿನಲ್ಲಿ ತೆರೆ ಕಂಡಿತು. ಅದರಲ್ಲಿ ಅನಾಥ ಅನ್ನುವ 'ಆರ್ಫನ್', ಆಗಾಗ ಅನ್ನುವ 'ಆಫನ್' ಎರಡನ್ನೂ ಕಲಸಿ ಎಳೆದಾಡುವ ಉದ್ದನೆಯ ಪನ್ನು, ಅಂದರೆ ಶ್ಲೇಷೆ, ಇದೆ. ಆ ಕಾಲದ ನ್ಯೂಯಾರ್ಕಿನಲ್ಲೂ ರ ನುಂಗುವವರು ಬೇಕಾದಷ್ಟು ಇದ್ದರು. ಇವತ್ತು ಇಂಗ್ಲೆಂಡಿನಲ್ಲೇ ಆಫನ್ನನ್ನು ಹಾಗೆ ಎಳೆದು ಹೇಳುವವರು ಕಡಿಮೆ. ಪನ್ನಿಗೆ ಊರು ಒಂದೇ ಅಲ್ಲ, ವಯಸ್ಸೂ ಇರುತ್ತದೆ.

ಷೇಕ್ಸ್‌ಪಿಯರನ ನಾಟಕದಲ್ಲಿ ಫಾಲ್ಸ್ಟಾಫ್, ಕಾರಣಗಳು ಬ್ಲ್ಯಾಕ್‌ಬೆರಿ ಹಣ್ಣಿನಷ್ಟು ಸಿಗುತ್ತಿದ್ದರೂ ಬಲವಂತಕ್ಕೆ ಮಣಿದು ಒಂದನ್ನೂ ಕೊಡೋದಿಲ್ಲ ಅನ್ನುತ್ತಾನೆ. ಕಾರಣಕ್ಕೂ ಹಣ್ಣಿಗೂ ಏನು ನಂಟು? ಆಗ 'ರೀಸನ್' ಅನ್ನೋದನ್ನು 'ರೇಸನ್' ಅಂತ ನುಡಿಯುತ್ತಿದ್ದರು, ಒಣದ್ರಾಕ್ಷಿಯ ರೇಸಿನ್ ಥರಾನೇ. ಈಗ ಅದು ಲಂಡನ್ನಿನಲ್ಲೂ ಇಲ್ಲ, ಶಿಕಾಗೋದಲ್ಲೂ ಇಲ್ಲ. 2004ರಲ್ಲಿ ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ ಭಾಷಾವಿಜ್ಞಾನಿ ಡೇವಿಡ್ ಕ್ರಿಸ್ಟಲ್ ಅವರ ನೆರವಿನಿಂದ ರೋಮಿಯೋ ಜೂಲಿಯೆಟ್ ನಾಟಕವನ್ನು ಆ ಕಾಲದ ಉಚ್ಚಾರಣೆಯಲ್ಲೇ ಆಡಿದರು. ಆ ಉಚ್ಚಾರಣೆಯಲ್ಲಿ ರಕಾರ ಗಟ್ಟಿಯಾಗಿ ಕೇಳುತ್ತದೆ. ಅಂದರೆ ರ ನುಂಗೋದು ಇಂಗ್ಲೆಂಡಿನವರು ಆಮೇಲೆ ಕಲಿತದ್ದು. ಅಮೆರಿಕದವರು ಕೆಡಿಸಿದರು ಅಂತ ಬೈಯುವವರಿಗೆ ಇದನ್ನು ಹೇಳು.

ಈಗ ನಿನ್ನ ಹನ್ನೊಂದನೇ ಪುಟ. ನಾನು ಮಾಡುವ ಪರೀಕ್ಷೆ ಸುಲಭದ್ದು. ಇಂಗ್ಲಿಷ್ ಪನ್ನು ಕೈಗೆ ಬಂದರೆ ಅದನ್ನು ಕನ್ನಡ ಅಕ್ಷರದಲ್ಲಿ ಎರಡು ಸಲ ಬರೆಯುತ್ತೇನೆ. ಒಂದು ಸಲ ಲಂಡನ್ನಿನವನ ಬಾಯಿಂದ ಬಂದಂತೆ, ಇನ್ನೊಂದು ಸಲ ಶಿಕಾಗೋದವನ ಬಾಯಿಂದ ಬಂದಂತೆ. ಇಂಗ್ಲಿಷ್ ಸ್ಪೆಲ್ಲಿಂಗ್ ಮುಚ್ಚಿಡುವ ಗುಟ್ಟನ್ನು ನಮ್ಮ ಅಕ್ಷರ ಬಯಲು ಮಾಡುತ್ತದೆ. ಎರಡೂ ಪದ ಒಂದೇ ರೀತಿ ಬಿದ್ದರೆ ಜೋಕು ಅಲ್ಲಿ ಬದುಕುತ್ತದೆ. ಆಮೇಲೆ ಮೂರನೇ ಸಲ ನಮ್ಮವರ ಬಾಯಿಂದ ಬರೆಯುತ್ತೇನೆ. ಯಾಕೆಂದರೆ ಓದುವವರು ಅವರೇ. ನಮಗೆ ವೈನ್ ಅಂದರೆ ದ್ರಾಕ್ಷಿ ಬಳ್ಳಿಯೂ ಹೌದು, ಅದರ ರಸವೂ ಹೌದು. ಇಂಗ್ಲಿಷಿನವರ ಎರಡು ವಕಾರ ನಮಗೆ ಒಂದೇ. ಆ ಪನ್ನು ಲಂಡನ್ನಿನಲ್ಲೂ ಇಲ್ಲ, ಶಿಕಾಗೋದಲ್ಲೂ ಇಲ್ಲ, ನಮ್ಮದೇ ಆಸ್ತಿ. ಕೈಲಾಸಂ ಲಂಡನ್ನಿನಲ್ಲಿ ಓದಿ ಬಂದವರು. ಆದರೂ ಅವರ ಪಾತ್ರಗಳು ಆಡಿದ್ದು ಬೆಂಗಳೂರಿನ ಬಾಯಿಯ ಇಂಗ್ಲಿಷನ್ನು.

ಸಾಸ್ ಜೋಕನ್ನು ತೆಗೆದೇ ಹಾಕಬೇಕು ಅಂತಲೂ ನಾನು ಹೇಳೋದಿಲ್ಲ. ಅದು ಸೋಲಲಿ ಬಿಡು. ನಿನ್ನ ಪತ್ರಕರ್ತ ಅದನ್ನು ಯಾವುದೋ ಪುಸ್ತಕದಲ್ಲಿ ಓದಿಕೊಂಡು, ಮಾಣಿಯ ಮುಂದೆ ಜಂಬದಿಂದ ಹೇಳಲಿ. ಮಾಣಿ 'ಸಾರಿ ಸರ್?' ಅನ್ನಲಿ. ಇವನು ಬಿಡಿಸಿ ಹೇಳಲಿ. ಮಾಣಿ ಇನ್ನೊಬ್ಬ ಮಾಣಿಯನ್ನು ಕರೆಯಲಿ. ಇವನು ಅವನಿಗೂ ಬಿಡಿಸಿ ಹೇಳಲಿ. ಕೊನೆಗೆ ಮ್ಯಾನೇಜರ್ ಬಂದು, ಊಟದಲ್ಲಿ ಏನೋ ತೊಂದರೆಯಾಗಿದೆ ಅಂದುಕೊಂಡು ಬಿಲ್ಲಿನಲ್ಲಿ ಹತ್ತು ಡಾಲರ್ ಬಿಟ್ಟುಬಿಡಲಿ. ಅಷ್ಟು ಹೊತ್ತಿಗೆ ಆ ಸುದ್ದಿಯ ಮನುಷ್ಯ ಬಂದು, ಗಲಾಟೆ ನೋಡಿ ವಾಪಸ್ ಹೋಗಿರಲಿ.

ತಿದ್ದಿದ ಮೇಲೆ ಅಮ್ಮನ ಮುಂದೆ ಗಟ್ಟಿಯಾಗಿ ಓದು. ಅವರು ಎಲ್ಲಿ ನಗಲಿಲ್ಲವೋ ಅಲ್ಲಿ ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿ ನನಗೆ ಕಳಿಸು. ಉಪ್ಪಿನಕಾಯಿ ಡಬ್ಬಿಯ ಭಾಗ ಮಾತ್ರ ಮುಟ್ಟಬೇಡ.

ನಿನ್ನ,
ಮೇಷ್ಟ್ರು