ಗಿರಾಕಿ ವಾರಕ್ಕೆ ಮೂರು ದಿನ, ಬಾಡಿಗೆ ತಿಂಗಳಿಡೀ

ಮಾನ್ಯರೇ,

ಬೆಂಗಳೂರಿನ ರೆಸಿಡೆನ್ಸಿ ರಸ್ತೆ ಹತ್ತಿರ ನಾನು ವರ್ಷಗಳಿಂದ ಊಟ ಮಾಡುವ ಸಣ್ಣ ದರ್ಶಿನಿಯೊಂದಿದೆ. ಕಳೆದ ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ ಹೋದರೆ ಮೇಜುಗಳೆಲ್ಲ ಖಾಲಿ. 2020ರ ಮಾರ್ಚ್‌ಗೆ ಮೊದಲು ಆ ಹೊತ್ತಿನಲ್ಲಿ ತಟ್ಟೆ ಇಡಲೂ ಜಾಗ ಸಿಗುತ್ತಿರಲಿಲ್ಲ. ‘ಮಂಗಳ, ಬುಧ, ಗುರುವಾರ ಪರವಾಗಿಲ್ಲ ಸಾರ್. ಸೋಮವಾರ, ಶುಕ್ರವಾರ ಆಫೀಸಿನವರು ಮನೆಯಲ್ಲೇ. ಅರ್ಧ ಪಾತ್ರೆ ಸಾಂಬಾರು ಉಳಿಯುತ್ತೆ’ ಎಂದರು ಹೋಟೆಲಿನವರು.

ಬಾಡಿಗೆಗೆ ಮಾತ್ರ ವರ್ಕ್ ಫ್ರಂ ಹೋಮ್ ಇಲ್ಲ ನೋಡಿ! ಕರಾರಿನಂತೆ ವರ್ಷಾವರ್ಷ ಏರುತ್ತಲೇ ಇದೆ. ಕಡಿಮೆ ಮಾಡಿ ಎಂದರೆ, ‘ಬಟ್ಟೆ ಅಂಗಡಿಯವರು ಕಾಯ್ತಿದ್ದಾರೆ’ ಅನ್ನುತ್ತಾರಂತೆ ಕಟ್ಟಡದ ಮಾಲೀಕರು. ಬಾಡಿಗೆ ಮೇಲೆ 18% ಜಿಎಸ್‌ಟಿ ಬೇರೆ. ಇಂಥ ಹೋಟೆಲುಗಳು ಗಿರಾಕಿಯಿಂದ 5% ತೆರಿಗೆ ಪಡೆಯುತ್ತವೆ. ಆ ದರದಲ್ಲಿ ಇನ್‌ಪುಟ್ ಕ್ರೆಡಿಟ್ (ತಾವು ಕೊಟ್ಟ ಜಿಎಸ್‌ಟಿಯನ್ನು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವ ಸೌಲಭ್ಯ) ಇಲ್ಲ. ಅಂದರೆ ಬಾಡಿಗೆಯ ಲಕ್ಷಕ್ಕೆ 18 ಸಾವಿರ ಕೈಯಿಂದಲೇ ಹೋಯಿತು.

ಮನೆಯಿಂದ ಕೆಲಸ ಮಾಡುವುದು ತಪ್ಪು ಅನ್ನುತ್ತಿಲ್ಲ. ನನ್ನ ಮಗಳೂ ಹಾಗೇ ಮಾಡುತ್ತಾಳೆ. ಸಿಲ್ಕ್ ಬೋರ್ಡ್ ಟ್ರಾಫಿಕ್ ತಪ್ಪಿತಲ್ಲ ಅಂತ ನಮಗೆಲ್ಲ ಖುಷಿ. ನಮ್ಮ ಬೀದಿಯ ಇಡ್ಲಿ ಗಾಡಿಗೂ ಈಗ ವ್ಯಾಪಾರ ಜಾಸ್ತಿ. ಊಟ ನಿಂತಿಲ್ಲ, ಜಾಗ ಬದಲಾಗಿದೆ ಅಷ್ಟೇ.

ಮಾಲ್‌ಗಳಲ್ಲಿ ಕನಿಷ್ಠ ಬಾಡಿಗೆ ಜೊತೆ ವ್ಯಾಪಾರದಲ್ಲಿ ಪಾಲು ಪಡೆಯುವ ಪದ್ಧತಿ ಇದೆ. ಕನಿಷ್ಠ ಮೊತ್ತ ಇಳಿಸಿ, ಅದನ್ನೇ ನಗರದ ಹಳೇ ಬೀದಿಗಳಲ್ಲೂ ತರಬಹುದು ಅಲ್ವಾ? ದೊಡ್ಡ ಬ್ರ್ಯಾಂಡಿಗೆ ಒಪ್ಪುವ ಕರಾರು ಇಡ್ಲಿ-ವಡೆ ಹೋಟೆಲಿಗೆ ಯಾಕೆ ಆಗಬಾರದು?

– ಒಬ್ಬ ಓದುಗ, ಬೆಂಗಳೂರು